ಆಮೇಲೆ ಕೇಳುವ ಊರು

ಆ ಊರಿನಲ್ಲಿ ಕಿಂಡಿಯ ಮುಂದೆ ಕೂತವರು ಮಾತಾಡುತ್ತಿದ್ದರು, ಕೇಳುತ್ತಿರಲಿಲ್ಲ. ಕೇಳುವುದಕ್ಕೆ ದೂರದ ಮನೆ ಇತ್ತು.

ಕಿಂಡಿ ಎಂದರೆ ಗೋಡೆಯಲ್ಲಿ ದೀಪದ ಗೂಡಿನಷ್ಟು ಅಗಲದ ಒಂದು ತೂತು. ಬೀದಿಗೆ ಒಂದರಂತೆ ಇತ್ತು. ಅದಕ್ಕೆ ಬಾಯಿಟ್ಟು ಕರೆದರೆ ಬಯಲಿನಾಚೆಯ ಊರಿನ ಕಿಂಡಿ ಗುಂಯ್‌ಗುಡುತ್ತಿತ್ತು, ಅಲ್ಲಿ ಯಾರಾದರೂ ಬಂದು ಕೂತರೆ ಮಾತು ಶುರುವಾಗುತ್ತಿತ್ತು. ನಡುವೆ ತಂತಿಯಿಲ್ಲ, ಕಂಬವಿಲ್ಲ. ಮಾತು ಹೇಗೆ ಹೋಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಡಿದ್ದೆಲ್ಲ ದಾರಿಯಲ್ಲಿ ದೂರದ ಮನೆಯನ್ನು ಹಾದು ಹೋಗುತ್ತದೆ, ಹಾದು ಹೋಗುವಾಗ ಆ ಮನೆ ಅದನ್ನು ಎತ್ತಿಟ್ಟುಕೊಳ್ಳುತ್ತದೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು. ಆ ಮನೆಯನ್ನು ಕಂಡವರಿಲ್ಲ. ಅಲ್ಲಿ ಜನ ಇಲ್ಲವಂತೆ, ಒಲೆ ಇಲ್ಲವಂತೆ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವ ಏನೋ ಒಂದು ಇದೆಯಂತೆ.

ಹಿಂದೆಲ್ಲ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಿದ್ದರು. ಆಮೇಲೆ ಯಾರಿಗೋ ಹೊಳೆಯಿತು: ಎಲ್ಲ ಮಾತೂ ಅಲ್ಲಿ ಭದ್ರವಾಗಿರುತ್ತದೆ ಎಂದ ಮೇಲೆ ಈಗಲೇ ಯಾಕೆ ಕೇಳಬೇಕು? ಆಮೇಲೆ ಕೇಳಿದರಾಯಿತು. ಇಬ್ಬರೂ ಒಟ್ಟಿಗೇ ಮಾತಾಡಿದರೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಭಾರಿ ಬುದ್ಧಿವಂತಿಕೆಯ ಮಾತು, ಊರಿಗೆ ಊರೇ ಒಪ್ಪಿಕೊಂಡಿತು. ಆದರೆ ಆಚೆಯವರ ದನಿ ಕಿವಿಗೆ ಬಿದ್ದು ತಮ್ಮ ಮಾತು ತಪ್ಪತೊಡಗಿದಾಗ ಹತ್ತಿ ಬಂತು.

ಅಂದಿನಿಂದ ಕ್ರಮ ಹೀಗೆ. ಕಿಂಡಿಯ ಮುಂದೆ ಕಾಲು ಮಡಚಿ ಕೂರಬೇಕು. ಬಲಗಿವಿಗೆ ಹತ್ತಿ, ಎಡಗಿವಿಗೆ ಹತ್ತಿ. ಕಣ್ಣು ಮುಚ್ಚಿ "ಆಮೇಲೆ ಕೇಳ್ತೀನಿ" ಎನ್ನಬೇಕು. ಆಚೆಯವರೂ ಹತ್ತಿ ಇಟ್ಟುಕೊಂಡು "ಆಮೇಲೆ ಕೇಳ್ತೀನಿ" ಎನ್ನುತ್ತಾರೆ. ಅದು ಈಚೆಯವರಿಗೆ ಕೇಳುವುದಿಲ್ಲ. ಆಮೇಲೆ ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದು, ಹತ್ತಿ ತೆಗೆದು, ಕಿಂಡಿಗೆ ಕೈಮುಗಿದು ಏಳುತ್ತಾರೆ. ಆಮೇಲೆ ಎಂಬುದು ಯಾವತ್ತು ಬರುತ್ತದೆ ಎಂದು ಕೇಳಿದವರನ್ನು ಊರಿನವರು ಕನಿಕರದಿಂದ ನೋಡುತ್ತಿದ್ದರು.

ಆ ಊರಿಗೆಲ್ಲ ಹತ್ತಿ ಹಿಂಜಿ, ಕಿವಿಗೆ ಸರಿಹೋಗುವಂತೆ ಉಂಡೆ ಕಟ್ಟಿ ಕೊಡುತ್ತಿದ್ದವಳು ಹತ್ತಿಯವಳು. ಕೈಕೆಲಸದಲ್ಲಿ ಗಟ್ಟಿಗಿತ್ತಿ. ಅವಳು ಕಟ್ಟಿದ ಉಂಡೆ ಇಟ್ಟುಕೊಂಡರೆ ಪಕ್ಕದಲ್ಲಿ ಗೋಡೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ದಿನವಿಡೀ ಹಿಂಜುವ ಬಿಲ್ಲಿನ ಝೇಂಕಾರದ ನಡುವೆ ಕೂಗಿ ಕೂಗಿ ಅವಳ ದನಿ ದೊಡ್ಡದಾಗಿತ್ತು. ಬೀದಿಯ ಈ ತುದಿಯಲ್ಲಿ ಅವಳು ಆಡಿನ ಮರಿಯನ್ನು ಗದರಿದರೆ ಆ ತುದಿಯ ಮಕ್ಕಳು ಓಡುತ್ತಿದ್ದವು. ಅವಳಿಗೆ ಒಬ್ಬಳೇ ತಂಗಿ. ಬಯಲಿನಾಚೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ತಂಗಿಯ ದನಿ ಹುಟ್ಟಿನಿಂದಲೇ ಸಣ್ಣದು. ಚಿಕ್ಕವಳಿದ್ದಾಗ ಹಸಿವು ಅಂದರೂ ಅವ್ವನಿಗೆ ಕೇಳಿಸದೆ, ಅಕ್ಕನೇ ಅವಳ ಪರವಾಗಿ ಕೂಗಬೇಕಾಗುತ್ತಿತ್ತು.

ಪ್ರತಿ ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ ಅಕ್ಕತಂಗಿಯರು ಕಿಂಡಿಯ ಮುಂದೆ ಕೂರುತ್ತಿದ್ದರು. ಹತ್ತಿಯವಳು ಹತ್ತಿ ಇಟ್ಟುಕೊಂಡು ಮಾತಾಡಿದ್ದೇ ಮಾತಾಡಿದ್ದು. ಆಡು ಮರಿ ಹಾಕಿದ್ದು, ಎದುರುಮನೆಯವಳು ಮಾತು ಬಿಟ್ಟಿದ್ದು, ಮೊಣಕಾಲು ನೋವು, ಹೊಸ ಬಿಲ್ಲಿನ ನಾರು. ಎದ್ದಾಗ ಅವಳ ಎದೆ ಹಗುರವಾಗಿರುತ್ತಿತ್ತು. ತಂಗಿಯ ಜೊತೆ ತನಗಿರುವ ಸಲಿಗೆ ಊರಿನಲ್ಲಿ ಯಾರಿಗೂ ಇಲ್ಲ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಬಯಲನ್ನು ದಾಟುವವರು ಉಪ್ಪಿನ ಗಾಡಿಯವರು ಮಾತ್ರ. ವರ್ಷಕ್ಕೊಮ್ಮೆ ಗಾಳಿ ಬಿದ್ದಾಗ ಬರುತ್ತಿದ್ದರು, ಮತ್ತೆ ಗಾಳಿ ಏಳುವ ಮೊದಲು ಹೊರಟುಬಿಡುತ್ತಿದ್ದರು. ಆ ವರ್ಷ ಬಂದ ಗಾಡಿಯವನೊಬ್ಬ ಉಪ್ಪು ಇಳಿಸುವ ಮೊದಲೇ ಹತ್ತಿಯವಳ ಮನೆ ಕೇಳಿಕೊಂಡು ಬಂದ. ಅವಳು ಬಿಲ್ಲು ಕೆಳಗಿಟ್ಟು ನೀರು ಕೊಟ್ಟಳು. ಅವನು ಕುಡಿಯಲಿಲ್ಲ.

"ನಿನ್ನ ತಂಗಿ ಹೋದಳು ಕಣವ್ವ," ಅಂದ. "ಜ್ವರ. ನಾನು ಆ ಬೀದಿಗೆ ಹೋಗೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು."

ಹತ್ತಿಯವಳು ಗೋಡೆ ಹಿಡಿದು ಕೂತಳು. ಅವನು ಅವಳ ಅಳು ಇಳಿಯುವ ತನಕ ಕಾದ. ಮತ್ತೆ ಅಂದ, "ಮಗೂನ ನೀನೇ ಬಂದು ಕರ್ಕೊಂಡು ಹೋಗ್ತೀಯ ಅಂತ ನಂಬ್ಕೊಂಡೇ ಕಣ್ಣು ಮುಚ್ಚಿದಳಂತೆ."

"ಯಾವ ಮಗು?"

ಗಾಡಿಯವನು ಅವಳ ಮುಖವನ್ನೇ ನೋಡಿದ. "ಯಾವ ಮಗು ಅಂದ್ರೆ? ನಿನ್ನ ತಂಗಿ ಮಗಳು. ಓಡಾಡ್ಕೊಂಡು, ಮಾತಾಡ್ಕೊಂಡು ಇರೋ ಮಗು. ಗಂಡ ತೀರ್ಕೊಂಡ ಮೇಲೆ ಅದೊಂದೇ ಅಲ್ವ ಅವಳಿಗೆ ಇದ್ದದ್ದು."

ಹತ್ತಿಯವಳಿಗೆ ಗಂಡ ತೀರಿಕೊಂಡದ್ದೂ ಗೊತ್ತಿರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು.

"ಕಾಯಿಲೆ ಜೋರಾದಾಗ ಮಗೂನ ಯಾರದೋ ಮನೇಲಿ ಬಿಟ್ಟಿದಾಳೆ," ಅಂದ ಅವನು. "ಯಾರ ಮನೆ ಅಂತ ಬೀದಿಯವರಿಗೆ ಗೊತ್ತಿಲ್ಲ. ಕೊನೇ ಹೊತ್ತಲ್ಲಿ ಹತ್ತಿರ ಇದ್ದದ್ದು ಒಬ್ಬಳು ಮುದುಕಿ. ಹತ್ತಿಗೆ ಗತಿಯಿಲ್ಲದೋಳು, ಹಾಗಾಗಿ ಅವಳಿಗೆ ಕೇಳಿಸಿದೆ. 'ಯಾರ ಮನೇಲಿ ಬಿಟ್ಟಿದೀನಿ ಅಂತ ಅಕ್ಕಂಗೆ ಹೇಳಿದೀನಿ, ಅಕ್ಕ ಬರ್ತಾಳೆ' ಅಂತಿದ್ದಳಂತೆ."

"ನಿನ್ನ ಗಾಡೀಲಿ ನಾನೂ ಬರ್ತೀನಿ."

"ಮನೆ ಯಾವುದು ಅಂತ ಗೊತ್ತಾದ್ರೆ ಬಾ, ಜಾಗ ಕೊಡ್ತೀನಿ. ಗೊತ್ತಿಲ್ದೆ ಬಂದು ಏನ್ಮಾಡ್ತೀಯವ್ವ? ನಿಮ್ಮೂರಿನಂಥ ಊರು ಹತ್ತು ಸೇರಿದ್ರೆ ಆ ಊರು. ಅಲ್ಲಿ ಹತ್ತಿ ಇಟ್ಕೊಂಡೋರು ತೆಗೆಯೋದೇ ಮರೆತಿದಾರೆ. ಬಾಗಿಲು ತಟ್ಟಿದ್ರೆ ತೆಗೀತಾರೆ, ಅವರ ಕಥೆ ಹೇಳ್ತಾರೆ, ಬಾಗಿಲು ಹಾಕ್ಕೋತಾರೆ. ಗಾಳಿ ಏಳೋಕೆ ಮುಂಚೆ ನಾವು ಹೊರಡ್ತೀವಿ. ಅಷ್ಟರೊಳಗೆ ತಿಳ್ಕೋ."

ತಂಗಿ ಹೇಳಿದ್ದಾಳೆ. ಹೇಳಿದ್ದೆಲ್ಲ ದೂರದ ಮನೆಯಲ್ಲಿ ಇದೆ. ಹತ್ತಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪಣೆಗಾರನ ಮನೆಗೆ ನಡೆದಳು.

ಅಪ್ಪಣೆಗಾರನ ಕಲ್ಲುಕೋಣೆಯಲ್ಲಿ ಊರಿನ ದೊಡ್ಡ ಕಿಂಡಿ ಇತ್ತು. ಅದು ಜನರನ್ನು ಕರೆಯುವ ಕಿಂಡಿಯಲ್ಲ, ನೇರ ದೂರದ ಮನೆಗೇ ಹೋಗುವಂಥದು. ಅದರಲ್ಲಿ ಅವನು ಅಪ್ಪಣೆ ಕಳಿಸುತ್ತಿದ್ದ. ಬಂದ ಮಾತನ್ನು ಹೀಗೆ ಜೋಡಿಸು, ಹಾಗೆ ಬೇರೆಮಾಡು, ಇಂಥದ್ದನ್ನು ಗುಡಿಸು. ದೂರದ ಮನೆಗೆ ಹೇಳಿದ್ದು ಮಾತ್ರ ಗೊತ್ತಾಗುತ್ತಿತ್ತು, ಹೇಳಬೇಕೆಂದುಕೊಂಡದ್ದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕೊಟ್ಟ ಅಪ್ಪಣೆಯನ್ನು ಅದು ಬಂದ ಪ್ರತಿ ಮಾತಿಗೂ, ಬಂದ ಗಳಿಗೆಯಲ್ಲೇ ನಡೆಸುತ್ತಿತ್ತು. ಸಾಕು ಎನ್ನುವವರೆಗೂ ನಡೆಸುತ್ತಲೇ ಇರುತ್ತಿತ್ತು. ಹೀಗಾಗಿ ಅಪ್ಪಣೆಗಾರ ಒಂದೊಂದು ಪದವನ್ನೂ ಹಲ್ಲಿಗೆ ತಾಗಿಸಿ ನೋಡಿಯೇ ಆಚೆ ಬಿಡುತ್ತಿದ್ದ. ಹೆಂಡತಿ ಊಟಕ್ಕೆ ಏನು ಮಾಡಲಿ ಎಂದರೂ ಅವನ ಉತ್ತರ ಬರುವಷ್ಟರಲ್ಲಿ ಒಲೆ ಆರುತ್ತಿತ್ತು.

"ಏನಾಗಬೇಕಿತ್ತವ್ವ? ಜೋಡಿಸೋದಾ, ಗುಡಿಸೋದಾ?" ಅಂದ.

"ಕೇಳಬೇಕು."

ಅವನ ಕಾಲದಲ್ಲಿ ಯಾರೂ ಅದನ್ನು ಕೇಳಿಕೊಂಡು ಬಂದಿರಲಿಲ್ಲ, ಅವನ ಅಪ್ಪನ ಕಾಲದಲ್ಲೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು. ಬಾಯಿ ತೊಳೆದುಕೊಂಡು ಬಂದು ಕಿಂಡಿಯ ಮುಂದೆ ಕೂತು ಅಪ್ಪಣೆ ಕೊಟ್ಟ: "ತಂಗಿಯು ಅಕ್ಕನಿಗೆ ಆಡಿದ ಮಾತನ್ನು ತಾ."

ದೂರದ ಮನೆ ತಂದಿತು. ಯಾವ ತಂಗಿ, ಯಾವ ಅಕ್ಕ ಎಂದು ಅದಕ್ಕೆ ಹೇಳಿರಲಿಲ್ಲವಲ್ಲ. ಊರಿನ ಅಷ್ಟೂ ತಂಗಿಯರು ಒಬ್ಬರ ಹಿಂದೊಬ್ಬರು ಕಿಂಡಿಯಿಂದ ಬರತೊಡಗಿದರು. ಹುಳಿಗೆ ಏನು ಹಾಕಬೇಕು ಎಂದು ಕೇಳುವವಳು, ಅತ್ತೆಯನ್ನು ಬಯ್ಯುವವಳು, ಸುಮ್ಮನೆ ನಗುವವಳು. ಕುಂಬಾರಗಿತ್ತಿಯ ತಂಗಿ ತಪ್ಪಾಯಿತು ಕ್ಷಮಿಸು ಎಂದು ಒಂದೇ ಸಮನೆ ಅತ್ತಳು. ಹತ್ತಿಯವಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಕುಂಬಾರಗಿತ್ತಿಯನ್ನು ಹಿಡಿದು, "ನಿನ್ನ ತಂಗಿ ಕ್ಷಮಿಸು ಅಂತಿದಾಳೆ, ಬಂದು ಕೇಳೇ," ಅಂದಳು. ತಂಗಿಯ ಮೇಲೆ ವರ್ಷಗಟ್ಟಲೆ ಹಗೆ ಸಾಧಿಸಿಕೊಂಡು ಬಂದ ಕುಂಬಾರಗಿತ್ತಿ, "ಎಲ್ಲಿ ಹೋಗತ್ತೆ ಬಿಡಕ್ಕ, ಆಮೇಲೆ ಕೇಳ್ತೀನಿ," ಎಂದು ತಿಗರಿ ತಿರುಗಿಸಿದಳು.

ಎರಡನೆಯ ಸಲ ಅಪ್ಪಣೆಗಾರ ಊರು, ಬೀದಿ, ಅಮಾವಾಸ್ಯೆ, ಎಲ್ಲ ಸೇರಿಸಿ ಬಿಗಿಯಾಗಿ ಅಪ್ಪಣೆ ಕಟ್ಟಿದ. ಕೊನೆಯ ಸಲ ಅಕ್ಕತಂಗಿಯರು ಆಡಿದ ಮಾತು ಬಂತು. ಹತ್ತಿಯವಳು ಮೈಯೆಲ್ಲ ಕಿವಿಯಾಗಿ ಕೂತಳು.

"ಆಮೇಲೆ ಕೇಳ್ತೀನಿ. ಹೂಂ, ಏನಾಯ್ತು ಗೊತ್ತಾ, ಆ ಕಪ್ಪು ಆಡು ಇದ್ಯಲ್ಲ..."

ಅದು ಅವಳದೇ ದನಿ. ಆಡಿನ ಕಥೆ ಮುಗಿದು ಎದುರುಮನೆಯವಳ ಕಥೆ ಬಂತು, ಮೊಣಕಾಲು ಬಂತು, ನಾರು ಬಂತು. ತಂಗಿಯ ಸದ್ದಿಲ್ಲ.

"ಅವಳದ್ದೆಲ್ಲಿ?" ಅಂದಳು.

ಅಪ್ಪಣೆಗಾರ ಕತ್ತು ತಗ್ಗಿಸಿದ. "ನಮ್ಮಪ್ಪನ ಕಾಲದ ಅಪ್ಪಣೆ ಒಂದಿದೆ ಕಣವ್ವ. ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡೋಕೆ ಶುರು ಮಾಡಿದ ಮೇಲೆ ದೂರದ ಮನೆ ತುಂಬಿ, ಜಾಗ ಸಾಲದೆ ಬಂತು. ಊರು ಸಭೆ ಸೇರ್ತು. ಎರಡು ದನಿ ಒಟ್ಟಿಗೆ ಬಂದ್ರೆ ಜೋರಾಗಿರೋದನ್ನ ಇಟ್ಕೋ, ಸಣ್ಣದನ್ನ ಗುಡಿಸು ಅಂತ ಅಪ್ಪಣೆ ಹೋಯ್ತು. ಮುಖ್ಯವಾದದ್ದನ್ನ ಜನ ಜೋರಾಗೇ ಹೇಳ್ತಾರೆ ಅಂತ ಸಭೆಯಲ್ಲಿ ತೀರ್ಮಾನ ಆಗಿತ್ತು."

"ಗುಡಿಸಿದ್ದು ಎಲ್ಲಿಗೆ ಹೋಗತ್ತೆ?"

"ಎಲ್ಲಿಗೂ ಹೋಗಲ್ಲ. ಅದರ ಜಾಗಕ್ಕೆ ಬೇರೆ ಬರತ್ತೆ."

"ಹಾಗಾದ್ರೆ ಸಾಕು ಅಂತ ಹೇಳು. ಇವತ್ತೇ ಹೇಳು, ಈಗಲೇ ಹೇಳು."

"ಕೊಟ್ಟವನ ದನಿಯಲ್ಲೇ ಹೇಳಬೇಕು ಕಣವ್ವ, ಅದು ಬೇರೆ ಯಾರ ಮಾತನ್ನೂ ಒಪ್ಪಲ್ಲ. ನಮ್ಮಪ್ಪ ಸತ್ತು ಎಷ್ಟೋ ವರ್ಷ ಆಯ್ತು."

ಹತ್ತಿಯವಳು ಎದ್ದು ಹೋಗಲಿಲ್ಲ. ಅಲ್ಲೇ ಕೂತು ತನ್ನ ದನಿಯನ್ನು ಮತ್ತೆ ಹಾಕಿಸಿಕೊಂಡಳು, ಮತ್ತೆ ಹಾಕಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳಿಗೆ ಒಂದು ಕಡೆ ಏನೋ ಸಿಕ್ಕಿತು. ಆಡಿನ ಕಥೆ ಮುಗಿದು ಎದುರುಮನೆಯವಳ ಕಥೆ ಶುರುವಾಗುವ ನಡುವೆ ಅವಳು ಉಸಿರೆಳೆದುಕೊಂಡಿದ್ದಳು. ಆ ಉಸಿರಿನಷ್ಟು ಜಾಗದಲ್ಲಿ ಯಾರೋ "...ಕ್ಕಾ, ನಂಗೆ..." ಅಂದಿದ್ದರು.

ಅವಳು ಬಾಯಿ ಮುಚ್ಚಿದಾಗ ಜೋರು ದನಿ ತಂಗಿಯದೇ ಆಗಿತ್ತು. ಗುಡಿಸುವ ಪೊರಕೆ ಅಲ್ಲಿ ಆಡಿರಲಿಲ್ಲ.

ಅಪ್ಪಣೆಗಾರ ಇಡೀ ದಿನ ಕೂತು ಹೊಸ ಅಪ್ಪಣೆ ಕಟ್ಟಿದ. ಇವರಿಬ್ಬರು ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಅಕ್ಕ ಎಲ್ಲೆಲ್ಲಿ ಉಸಿರೆಳೆದುಕೊಂಡಳೋ ಅಲ್ಲಲ್ಲಿ ಕೇಳಿದ್ದನ್ನು ಕತ್ತರಿಸು, ಒಂದರ ಹಿಂದೊಂದು ಪೋಣಿಸು, ತಾ. ದೂರದ ಮನೆ ತಂದಿತು. ಹತ್ತಿಯವಳು ಮೊದಲ ಸಲ ತಂಗಿಯ ಸಂಸಾರದ ಸುದ್ದಿ ಕೇಳಿದಳು.

"...ಇಲ್ಲಿ ನೀರು ಉಪ್ಪುಪ್ಪು..." "...ಒಳ್ಳೇವ್ರು, ಆದ್ರೆ ಮಾತು..." "...ನಿಂತಿದೆ ಅಕ್ಕಾ, ಎರಡು ತಿಂ..." "...ಹೆಣ್ಣು..." "...ನಿನ್ನದೇ ಮೂಗು..." "...ರಾತ್ರಿ ಎದೆ ನೋವು ಅಂದ್ರು, ಬೆಳಗ್ಗೆ..." "...ಒಬ್ಬಳೇ ಹೆಂಗೆ..." "...ನೀನೇನಂತೀಯ..." "...ನೀನೇನಂತೀಯ ಅಕ್ಕಾ..."

ಪ್ರತಿ ಸಲವೂ ತಂಗಿ ಕೇಳುತ್ತಿದ್ದಳು, ನೀನೇನಂತೀಯ ಎಂದು. ಅದರ ಉತ್ತರವಾಗಿ ಅಕ್ಕ ಆಡಿನ ಬಗ್ಗೆ ಹೇಳಿದ್ದಳು. ಹತ್ತಿಯವಳ ಕಣ್ಣೀರು ಮೊಣಕಾಲ ಮೇಲೆ ಬೀಳುತ್ತಿತ್ತು. ದಮ್ಮಿನ ಕಾಯಿಲೆಯವಳಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಒಂದೊಂದು ಮಾತಿಗೂ ಏದುಸಿರು ಬಿಟ್ಟಿದ್ದರೆ ತಂಗಿ ಪೂರ್ತಿ ಸಿಗುತ್ತಿದ್ದಳು ಅನ್ನಿಸಿತು.

ಪೋಣಿಸಿದ್ದರ ಕೊನೆಯಲ್ಲಿ ಬಂತು: "...ಮಗೂನ ಕರ್ಕೊಂಡೋಗಿ..." ಅದರ ಮುಂದೆ ಇಲ್ಲ. ಅಪ್ಪಣೆಗಾರ ಆ ಜಾಗವನ್ನು ಹುಡುಕಿ ಪೂರ್ತಿ ಹಾಕಿದ. ತಂಗಿ "ಮಗೂನ ಕರ್ಕೊಂಡೋಗಿ" ಅನ್ನುತ್ತಾಳೆ, ಆಗ ಎದುರುಮನೆಯವಳು ಸಗಣಿಯಲ್ಲಿ ಕಾಲು ಜಾರಿ ಬಿದ್ದದ್ದನ್ನು ನೆನೆದು ಅಕ್ಕ ನಗುತ್ತಾಳೆ. ದೊಡ್ಡ ನಗು. ಅದರಡಿಯಲ್ಲಿ ಒಂದು ಮನೆಯ ಹೆಸರಿತ್ತು. ನಗು ಮುಗಿದಾಗ ತಂಗಿಯ ಮಾತೂ ಮುಗಿದಿತ್ತು.

"ಇದಕ್ಕಿಂತ ಇನ್ನು ನನ್ನ ಕೈಲಿ ಆಗಲ್ಲ ತಾಯಿ," ಅಂದ ಅಪ್ಪಣೆಗಾರ.

ಉಳಿದದ್ದು ಒಂದೇ ದಾರಿ. ತಂಗಿ ಕೂರುತ್ತಿದ್ದ ಬೀದಿಯ ಕಿಂಡಿಯನ್ನೇ ಕರೆಯಬೇಕು, ಅಲ್ಲಿ ಯಾರು ಬಂದು ಕೂತರೂ ಬಾಯಿ ಬಿಡದೆ ಕಿವಿಗೊಡಬೇಕು. ಅವರ ಮಾತಿನಲ್ಲಿ ಎಲ್ಲಾದರೂ ಆ ಮಗುವಿನ ಸುದ್ದಿ ಬಂದೀತು. ಮರುದಿನ ಬೆಳಿಗ್ಗೆ ಹತ್ತಿಯವಳು ಕಿಂಡಿಯ ಮುಂದೆ ಕಾಲು ಮಡಚಿ ಕೂತಳು. ಹತ್ತಿ ಇಟ್ಟುಕೊಳ್ಳಲಿಲ್ಲ. ಆಚೆ ಕಿಂಡಿ ಗುಂಯ್‌ಗುಟ್ಟಿ ಯಾರೋ ಬಂದು ಕೂತ ಸದ್ದಾದಾಗ, ತನ್ನ ಬಾಯಿಯನ್ನು ನಂಬದೆ, ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು.

ಬೀದಿಯವರು ನಿಂತು ನೋಡಿದರು. "ಅಯ್ಯೋ, ಕಿಂಡಿ ಮುಂದೆ ಬಾಯಿ ಕಟ್ಕೊಂಡು ಕೂತಿದಾಳಲ್ಲೇ," ಅಂದರು. ತಂಗಿ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ, ಒಬ್ಬಳು ಮಜ್ಜಿಗೆ ತಂದಿಟ್ಟು ಹೋದಳು.

ಆಚೆಯಿಂದ ಜನ ಬಂದರು. ಈಚೆ ಯಾರಿದ್ದಾರೆ ಎಂದು ಯಾರೂ ನೋಡಲಿಲ್ಲ, ಕೇಳಲಿಲ್ಲ. "ಆಮೇಲೆ ಕೇಳ್ತೀನಿ" ಎಂದು ಶುರುಮಾಡುತ್ತಿದ್ದರು. ಒಬ್ಬ ಮುದುಕ ಹಲ್ಲುನೋವನ್ನು ಹೇಳಿದ. ಒಬ್ಬಳು ಮಲಮಗನನ್ನು ಪ್ರೀತಿಸಲಾಗುತ್ತಿಲ್ಲ ಎಂದು ಹೇಳಿಕೊಂಡಳು. ಹತ್ತಿಯವಳು ಎಲ್ಲವನ್ನೂ ಕೊನೆತನಕ ಕೇಳಿದಳು. ಆ ಊರಿನಲ್ಲಿ ಅಷ್ಟು ಗಮನವಿಟ್ಟು ಯಾರ ಮಾತನ್ನೂ ಯಾರೂ ಕೇಳಿರಲಿಲ್ಲ, ಅದು ಅವರಿಗೆ ಗೊತ್ತಾಗಲೂ ಇಲ್ಲ. ಅವಳು ದಿನವೂ ಕೂತಳು, ದಿನವೂ ಬಾಯಿಗೆ ಸೆರಗು ತುರುಕಿಕೊಂಡಳು. ಮಗುವಿನ ಸುದ್ದಿ ಬರಲಿಲ್ಲ. ಇತ್ತ ಗಾಳಿಯ ವಾಸನೆ ಬದಲಾಯಿತು, ಗಾಡಿಯವರು ಎತ್ತುಗಳ ಗೊರಸಿಗೆ ಲಾಳ ಹೊಡೆಸತೊಡಗಿದರು.

ಗಾಡಿಗಳು ಹೊರಡುವ ದಿನ ಬೆಳಿಗ್ಗೆ ಅವಳು ಕರೆದಾಗ ಆಚೆ ತುಂಬ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಪುಟ್ಟ ಪಾದಗಳ ಸದ್ದು ಕೇಳಿತು. ಯಾರೋ ಕಲ್ಲಿನ ಮೇಲೆ ಹತ್ತಿ ನಿಂತರು. ಯಾರೂ "ಆಮೇಲೆ ಕೇಳ್ತೀನಿ" ಅನ್ನಲಿಲ್ಲ.

"ಒಳಗ್ಯಾರಿದೀರಾ?" ಎಂದಿತು ಒಂದು ಸಣ್ಣ ದನಿ.

ಹತ್ತಿಯವಳು ಕಿಂಡಿಗೆ ಕಿವಿಯೊತ್ತಿದಳು.

"ನಮ್ಮವ್ವ ಇಲ್ಲೇ ಕೂತ್ಕೋತಿದ್ದಳು. ದೊಡ್ಡವ್ವನ ಹತ್ರ ಮಾತಾಡ್ತಿದ್ದಳು. ನೀನು ದೊಡ್ಡವ್ವನಾ?"

ಅವಳು ಸೆರಗನ್ನು ಕಿತ್ತು ಎಸೆದಳು. ಹೂಂ ಎನ್ನಬೇಕು, ಒಂದೇ ಒಂದು ಹೂಂ ಅಂದು ಸುಮ್ಮನಾಗಬೇಕು ಎಂದು ಅವಳಿಗೆ ಗೊತ್ತಿತ್ತು. ಇಷ್ಟು ದಿನ ಕಟ್ಟಿಟ್ಟಿದ್ದ ಬಾಯಿ ತೆರೆದ ಮೇಲೆ ಅದು ಅವಳ ಮಾತು ಕೇಳಲಿಲ್ಲ. ಅಳು, ನಗು, ಪ್ರೀತಿ ಎಲ್ಲ ಒಟ್ಟಿಗೆ ನುಗ್ಗಿದವು. ಬೀದಿಗೆಲ್ಲ ಕೇಳುವಂತೆ ಅವಳು ಕೂಗಿದಳು, ಬಯಲನ್ನು ದಾಟಿಸಿಯೇ ಮಗುವಿಗೆ ಕೇಳಿಸುವಂತೆ ಕೂಗಿದಳು. ಆಚೆ ಮಗುವೂ ಏನೋ ಹೇಳುತ್ತಿತ್ತು. ಹೇಳುತ್ತಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು, ಏನು ಎಂಬುದು ತಿಳಿಯಲಿಲ್ಲ.

ಅವಳು ನಿಲ್ಲಿಸಿದಾಗ ಮಗು "...ಅಲ್ಲಿಗೇ ಹೋಗ್ತಿದೀವಿ, ಇನ್ಮೇಲೆ ಅಲ್ಲೇ ಇರೋದಂತೆ," ಎನ್ನುತ್ತಿತ್ತು. ದೂರದಿಂದ ಒಬ್ಬ ಹೆಂಗಸು "ಬಾರೇ ಇತ್ತ, ಬಂಡಿ ಹೊರಟಿತು," ಎಂದು ಗದರಿದಳು. ಪುಟ್ಟ ಪಾದಗಳು ಕಲ್ಲಿನಿಂದ ಕೆಳಗೆ ಹಾರಿದವು.

ಹತ್ತಿಯವಳು ಬರಿಗಾಲಿನಲ್ಲಿ ಅಪ್ಪಣೆಗಾರನ ಕೋಣೆಗೆ ಓಡಿದಳು. ದಾರಿಯಲ್ಲಿ ಉಪ್ಪಿನ ಗಾಡಿಯವನು ನೊಗ ಎತ್ತಿ ಹಿಡಿದು, "ಎಲ್ಲಿಗೆ ಅಂತ ಗೊತ್ತಾಯ್ತೇನವ್ವ?" ಎಂದು ಕೇಳಿದ. "ಇಗೋ ಬಂದೆ, ಒಂದು ಗಳಿಗೆ ಇರಣ್ಣ," ಅಂದಳು. ಅವನು ಕಾಯುವುದಕ್ಕೆ ಒಪ್ಪಿದ.

ಅಪ್ಪಣೆಗಾರ ಕೂಡಲೇ ಅಪ್ಪಣೆ ಕೊಟ್ಟ. ಈಗಷ್ಟೇ ಆಡಿದ ಮಾತನ್ನು ತಾ. ದೂರದ ಮನೆ ತಂದಿತು.

"ನಾನು ಕಣೇ ಮಗಳೇ, ನಿನ್ನ ದೊಡ್ಡವ್ವ. ಬರ್ತೀನಿ, ಇವತ್ತೇ ಹೊರಟೆ. ಎಲ್ಲಿದೀಯ ಹೇಳು, ಹೇಳೇ ತಾಯಿ, ಯಾರ ಮನೇಲಿದೀಯ, ಹೆದರ್ಕೋಬೇಡ, ಹೇಳು, ಕೇಳ್ತಿದೀನಿ, ನಾನು ಕೇಳ್ತಾನೇ ಇದೀನಿ ಕಣೇ, ಹೇಳು..."

ನಡುವೆ ಒಂದು ಕಡೆ ಅವಳು ಉಸಿರೆಳೆದುಕೊಂಡಿದ್ದಳು. ಅಪ್ಪಣೆಗಾರ ಆ ಜಾಗವನ್ನು ಮಾತ್ರ ಬಿಡಿಸಿ ಹಾಕಿದ. ಇಬ್ಬರೂ ಕಿಂಡಿಗೆ ಕಿವಿಯೊತ್ತಿ ಕೂತರು. ಅಲ್ಲಿ ಮಾತಿರಲಿಲ್ಲ. ಅವನು ಮತ್ತೊಮ್ಮೆ ಹಾಕಿದ, ಆಗ ಗೊತ್ತಾಯಿತು. ಆ ಗಳಿಗೆಯಲ್ಲಿ ಮಗುವೂ ಉಸಿರೆಳೆದುಕೊಳ್ಳುತ್ತಿತ್ತು.